ವಾರಕ್ಕೆ ಮೂರು ದಿನ ಮ್ಯಾಟು, ಎರಡು ದಿನ ವೇಟ್ಸು: ಮೈ ಮುರ್ಕೊಳ್ದೆ ಎರಡನ್ನೂ ಮಾಡೋದು ಹೇಗೆ

ಜುಜಿತ್ಸು (ಕುಸ್ತಿ ಥರ ನೆಲದ ಮೇಲೆ ಪಟ್ಟು ಹಾಕೋ ಆಟ) ಅಥವಾ ಮುಯ್ ಥಾಯ್ (ಪಂಚ್, ಕಿಕ್ಕಿನ ಆಟ) ಕ್ಲಾಸ್ ಸೇರ್ಕೊಳ್ಳೋರಲ್ಲಿ ಸುಮಾರು ಜನ ಮೊದ್ಲಿಂದನೇ ಜಿಮ್ಮಿಗೆ ಹೋಗ್ತಿರೋರು. ಹೊಸದ್ರಲ್ಲಿ ಹುಮ್ಮಸ್ಸು ಇರುತ್ತಲ್ಲ, ಸೋಮವಾರ ಚೆಸ್ಟ್, ಮಂಗಳವಾರ ಬ್ಯಾಕ್ ಅಂತ ಇದ್ದ ಹಳೇ ಟೈಮ್‌ಟೇಬಲ್ಲನ್ನ ಹಾಗೇ ಇಟ್ಕೊಂಡು, ಅದ್ರ ಮೇಲೆ ವಾರಕ್ಕೆ ನಾಲ್ಕು ಕ್ಲಾಸ್ ಹೇರ್ಕೊಂಡು, ಭಾನುವಾರ ಕಬ್ಬನ್ ಪಾರ್ಕಲ್ಲಿ ಹತ್ತು ಕಿಲೋಮೀಟರ್ ಓಟಾನೂ ಸೇರಿಸ್ಬಿಡ್ತಾರೆ. ಎರಡು ತಿಂಗಳು ಹೇಗೋ ನಡೆಯುತ್ತೆ. ಮೂರನೇ ತಿಂಗಳಿಗೆ ಎಲ್ಲರ ಕಥೇನೂ ಒಂದೇ: ಬೆಂಚ್ ಪ್ರೆಸ್ ತೂಕ ಇಳಿದಿದೆ, ಬೆಳಿಗ್ಗೆ ಎದ್ದಾಗ ಬೆರಳು ಮಡಚೋಕೆ ಆಗ್ತಿಲ್ಲ, ಸ್ಪಾರಿಂಗಲ್ಲಿ, ಅಂದ್ರೆ ಅಭ್ಯಾಸದ ಫೈಟಲ್ಲಿ, ಎರಡನೇ ರೌಂಡಿಗೇ ಉಸ್ಸಪ್ಪಾ ಅನ್ನೋ ಹಾಗಾಗಿದೆ, ರಾತ್ರಿ ಸುಸ್ತಾಗಿದ್ರೂ ನಿದ್ದೆ ಹತ್ತಲ್ಲ. ಆಮೇಲೆ ಬಂದು ಕೇಳೋ ಪ್ರಶ್ನೆ ಏನಪ್ಪಾ ಅಂದ್ರೆ, ಯಾವ ಪ್ರೋಟೀನ್ ಪೌಡರ್ ಒಳ್ಳೇದು ಅಂತ.

ಪೌಡರ್ ಆಮೇಲೆ ನೋಡೋಣ. ನನ್ನ ಪ್ರಕಾರ ಈ ಗೋಜಲು ಬಿಡಿಸೋಕೆ ಕೇಳ್ಕೋಬೇಕಾದ್ದು ಒಂದೇ ಪ್ರಶ್ನೆ, ಮ್ಯಾಟ್ ಮೇಲೆ, ಅಂದ್ರೆ ಕ್ಲಾಸಲ್ಲಿ, ನನಗೆ ಏನು ಸಿಗ್ತಾ ಇಲ್ಲ? ಅಷ್ಟನ್ನ ಮಾತ್ರ ಜಿಮ್ಮಿಂದ ತಗೊಂಡು ಮನೆಗೆ ಬರಬೇಕು. ಮ್ಯಾಟಲ್ಲಿ ಈಗಾಗ್ಲೇ ಧಾರಾಳವಾಗಿ ಸಿಗ್ತಿರೋದನ್ನೇ ಜಿಮ್ಮಲ್ಲಿ ಇನ್ನೊಂದ್ಸಲ ಮಾಡಿದ್ರೆ ಶಕ್ತಿ ಹೆಚ್ಚಾಗಲ್ಲ, ಸುಸ್ತು ಮಾತ್ರ ಡಬಲ್ ಆಗುತ್ತೆ.

ಇಲ್ಲಿ ಜುಜಿತ್ಸುವನ್ನೇ, ಅಂದ್ರೆ ಬಿಜೆಜೆ, ಬ್ರೆಜಿಲಿಯನ್ ಜುಜಿತ್ಸು ಅಂತಾರಲ್ಲ ಅದನ್ನೇ ಉದಾಹರಣೆಗೆ ಇಟ್ಕೊಳ್ತೀನಿ, ಜೂಡೋ, ಕುಸ್ತಿ ಮಾಡೋರಿಗೂ ಇದ್ರಲ್ಲಿ ಹೆಚ್ಚಿನದು ಹೊಂದುತ್ತೆ. ಒಂದೂವರೆ ಗಂಟೆ ಕ್ಲಾಸಲ್ಲಿ ಏನೇನಾಗುತ್ತೆ ನೋಡಿ. ಮೊದಲು ವಾರ್ಮಪ್, ಆಮೇಲೆ ಒಂದೆರಡು ಪಟ್ಟು ಕಲಿಸಿ ಡ್ರಿಲ್ ಮಾಡಿಸ್ತಾರೆ, ಕೊನೇಗೆ ಐದೈದು ನಿಮಿಷದ ರೋಲಿಂಗ್, ಅಂದ್ರೆ ಜೊತೆಯವರ ಜೊತೆ ಸೆಣಸಾಡೋದು, ನಾಲ್ಕೈದು ರೌಂಡು. ಆ ರೌಂಡುಗಳಲ್ಲಿ ಎದುರಾಳಿಯ ಗೀ, ಅಂದ್ರೆ ಆಟದ ದಪ್ಪ ಬಟ್ಟೆಯ ಕೋಟು, ಅದ್ರ ಕಾಲರ್ರು, ತೋಳು ಗಟ್ಟಿಯಾಗಿ ಹಿಡ್ಕೊಂಡೇ ಇರ್ತೀರ, ಮುಂದೋಳು ಕಲ್ಲಾಗಿ ಹೋಗುತ್ತೆ, ಕ್ಲಾಸ್ ಮುಗಿಸಿ ಹೊರಗೆ ಬಂದ್ರೆ ಬೈಕಿನ ಕ್ಲಚ್ ಅದುಮೋಕೂ ಬೆರಳು ಕೇಳಲ್ಲ. ಎಂಬತ್ತು ಕೆಜಿ ಆಸಾಮಿ ಹೊಟ್ಟೆ ಮೇಲೆ ಮಂಡಿ ಊರಿ ಕೂತಿರ್ತಾನೆ, ಅವನ ಕೆಳಗೆ ಉಸಿರು ಹಿಡಿದು ಸೊಂಟ ತಿರುಗಿಸ್ತಿರ್ತೀರ. ಹಾಗಾಗಿ ಹಿಡಿತ, ಎಳೆಯೋ ಶಕ್ತಿ, ಹೊಟ್ಟೆ ಸೊಂಟದ ಬಿಗಿ, ದಮ್ಮು, ಇಷ್ಟೂ ಮ್ಯಾಟಲ್ಲೇ ಬೇಕಾದಷ್ಟು ಸಿಗುತ್ತೆ. ಸಿಗದೇ ಇರೋದು ಯಾವ್ದು? ನಿಂತ್ಕೊಂಡು ದೊಡ್ಡ ಭಾರ ಎತ್ತೋ ಶಕ್ತಿ, ತಲೆ ಮೇಲಕ್ಕೆ ತಳ್ಳೋದು, ತೊಡೆ ಹಿಂಭಾಗದ ಮಾಂಸಖಂಡ ಉದ್ದ ಆಗ್ತಾ ಭಾರ ತಡ್ಕೊಳ್ಳೋದು, ಒಂಟಿ ಕಾಲಿನ ಸ್ಥಿರತೆ. ಈ ಪಟ್ಟಿಯನ್ನ ನೆನಪಿಟ್ಕೊಳ್ಳಿ, ಜಿಮ್ ಪ್ಲಾನ್ ಇದ್ರಿಂದಲೇ ಹುಟ್ಟೋದು.

ಎರಡನ್ನೂ ಜೋರಾಗಿ ಮಾಡಿದ್ರೆ ಯಾಕೆ ಒಂದು ಸೋಲುತ್ತೆ ಅನ್ನೋದಕ್ಕೆ ಹಳೇ ಅಧ್ಯಯನ ಒಂದಿದೆ. ಅಮೆರಿಕದ ರಾಬರ್ಟ್ ಹಿಕ್ಸನ್ ಅನ್ನೋ ವಿಜ್ಞಾನಿ ಸ್ವತಃ ಪವರ್‌ಲಿಫ್ಟಿಂಗ್ ಮಾಡ್ತಿದ್ದವನು, ತನ್ನ ಪ್ರೊಫೆಸರ್ ಜೊತೆ ಓಡೋಕೆ ಶುರು ಮಾಡಿದ್ಮೇಲೆ ಶಕ್ತಿ ಇಳೀತಾ ಇರೋದು ಗಮನಿಸಿದನಂತೆ, ಆ ಅನುಮಾನದ ಬೆನ್ನು ಹತ್ತಿ 1980ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ. ಮೂರು ಗುಂಪು. ಒಂದು ವಾರಕ್ಕೆ ಐದು ದಿನ ವೇಟ್ಸ್ ಮಾತ್ರ, ಇನ್ನೊಂದು ವಾರಕ್ಕೆ ಆರು ದಿನ ದಮ್ಮಿನ ಟ್ರೈನಿಂಗ್ ಮಾತ್ರ, ಮೂರನೇದು ಎರಡೂ. ಹತ್ತು ವಾರ. ಎರಡೂ ಮಾಡಿದ ಗುಂಪಿನವರ ಶಕ್ತಿ ಮೊದಲ ಆರೇಳು ವಾರ ವೇಟ್ಸ್ ಗುಂಪಿನ ಜೊತೆ ಜೊತೆಗೇ ಏರ್ತು, ಆಮೇಲೆ ನಿಂತೋಯ್ತು, ಒಂಬತ್ತು ಹತ್ತನೇ ವಾರಕ್ಕೆ ಇಳಿಯೋಕೆ ಶುರು ಆಯ್ತು. ದಮ್ಮು ಮಾತ್ರ ಆರಾಮಾಗಿ ಏರ್ತಾನೇ ಇತ್ತು. ಅಂದ್ರೆ ಏಟು ಬೀಳೋದು ಶಕ್ತಿಗೆ, ಅದೂ ತಡವಾಗಿ. ಮೇಲೆ ಹೇಳಿದ ಮೂರನೇ ತಿಂಗಳ ಕಥೆಗೂ ಇದಕ್ಕೂ ಎಷ್ಟು ಹೋಲಿಕೆ ಇದೆ ನೋಡಿ.

ಒಳಗೆ ಏನಾಗುತ್ತೆ ಅಂತ ಸ್ವಲ್ಪ ಹೇಳ್ಬಿಡ್ತೀನಿ. ಭಾರ ಎತ್ತಿದಾಗ ಮಾಂಸಖಂಡದಲ್ಲಿ ಎಂಟಾರ್ ಅನ್ನೋ ಸಿಗ್ನಲ್ ಏಳುತ್ತೆ, ಹೊಸ ಪ್ರೋಟೀನ್ ಕಟ್ಟು ಅಂತ ಅದ್ರ ಆರ್ಡರ್ರು. ತುಂಬ ಹೊತ್ತು ಏದುಸಿರು ಬಿಡೋ ಕೆಲಸ ಮಾಡಿ ಶಕ್ತಿ ಖಾಲಿ ಆದಾಗ ಎಎಂಪಿಕೆ ಅನ್ನೋ ಇನ್ನೊಂದು ಸಿಗ್ನಲ್ ಏಳುತ್ತೆ, ಈಗ ಖರ್ಚು ಕಮ್ಮಿ ಮಾಡು ಅಂತ ಹೇಳೋದು ಅದು, ಇದು ಜೋರಾದಾಗ ಎಂಟಾರ್ ಸ್ವಲ್ಪ ತಗ್ಗುತ್ತೆ. ಇಂಟರ್‌ನೆಟ್ಟಲ್ಲಿ ಇಷ್ಟನ್ನೇ ಹಿಡ್ಕೊಂಡು ಕಾರ್ಡಿಯೋ ಮಾಡಿದ್ರೆ ಮಸಲ್ ಕರಗೋಗುತ್ತೆ ಅಂತ ಹೆದರಿಸೋರು ಇದ್ದಾರೆ, ಅಷ್ಟೇನೂ ಇಲ್ಲ. ಹಿಕ್ಸನ್ ಗುಂಪಿನವರು ವಾರಕ್ಕೆ ಹನ್ನೊಂದು ಸೆಷನ್ ಮಾಡಿದ್ರು ಅನ್ನೋದನ್ನ ಮರೀಬೇಡಿ. ಆಮೇಲೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2012ರಲ್ಲಿ ನೋಡಿದಾಗ ಕಂಡಿದ್ದು, ಸೈಕಲ್‌ಗಿಂತ ಓಟದಿಂದ ತೊಂದರೆ ಹೆಚ್ಚು, ಮಾಂಸಖಂಡದ ಗಾತ್ರಕ್ಕಿಂತ ಸಿಡಿಯೋ ಶಕ್ತಿ, ಅಂದ್ರೆ ಪವರ್, ಅದಕ್ಕೇ ಮೊದಲು ಏಟು. ಟೇಕ್‌ಡೌನ್ ಹೊಡೆದು ಎದುರಾಳಿಯನ್ನ ಕೆಡವೋರಿಗೆ, ಒದೆಯೋರಿಗೆ ಬೇಕಾಗಿರೋದು ಅದೇ ತಾನೆ? ಹಾಗಾಗಿ ಮ್ಯಾಟ್ ಮತ್ತು ವೇಟ್ಸ್ ಜೊತೆಗೆ ಮೂರನೇದಾಗಿ ಲಾಂಗ್ ರನ್ ಇಟ್ಕೊಂಡಿದ್ರೆ ಮೊದಲು ಕೈಬಿಡಬೇಕಾದ್ದು ಅದನ್ನೇ ಅಂತ ನನ್ನ ಅಭಿಪ್ರಾಯ. ದಮ್ಮು ರೋಲಿಂಗಲ್ಲೇ ಸಿಗುತ್ತೆ.

ಇದಲ್ಲದೆ ಇನ್ನೊಂದು ಲೆಕ್ಕ ಇದೆ, ಅದನ್ನ ಯಾರೂ ಹೇಳಲ್ಲ. ಮಾಂಸಖಂಡ ಬೇಗ ಸುಧಾರಿಸ್ಕೊಳ್ಳುತ್ತೆ, ಅದಕ್ಕೆ ರಕ್ತ ಸಂಚಾರ ಚೆನ್ನಾಗಿದೆ. ಆದ್ರೆ ಮಾಂಸಖಂಡವನ್ನ ಮೂಳೆಗೆ ಕಟ್ಟಿರೋ ಸ್ನಾಯುರಜ್ಜು, ಕೀಲಿನ ಲಿಗಮೆಂಟು, ಇವಕ್ಕೆ ರಕ್ತ ಕಮ್ಮಿ, ಗಟ್ಟಿ ಆಗೋಕೂ ವಾಸಿ ಆಗೋಕೂ ತಿಂಗಳುಗಟ್ಟಲೆ ಬೇಕು. ಎದೆ ತೊಡೆ ಎಲ್ಲಾ ರೆಡಿ ಇದೆ ಅನ್ಸುತ್ತೆ, ಬೆರಳು, ಮೊಣಕೈ, ಕತ್ತು ಮಾತ್ರ ಹಿಂದೆ ಬಿದ್ದಿರುತ್ತೆ. ಆರ್ಮ್‌ಬಾರ್ ಅನ್ನೋ ಕೈ ತಿರುಚೋ ಪಟ್ಟಲ್ಲಿ ತಡವಾಗಿ ಟ್ಯಾಪ್ ಮಾಡಿ, ಅಂದ್ರೆ ತಡವಾಗಿ ಸೋಲೊಪ್ಪಿ ತಟ್ಟಿ, ನೋಯಿಸ್ಕೊಂಡ ಮೊಣಕೈಯನ್ನ ಮಾರನೇ ದಿನ ಪುಲ್‌ಅಪ್ ಬಾರಿಗೆ ನೇತು ಹಾಕಿದ್ರೆ ಅದು ಯಾವತ್ತಿಗೆ ವಾಸಿ ಆಗ್ಬೇಕು ಹೇಳಿ.

ನಮ್ಮ ಗರಡಿ ಮನೆಗಳ ಪೈಲ್ವಾನರು ದಿನಾ ಸಾಮು ಮಾಡ್ತಿರ್ಲಿಲ್ವಾ ಅಂತ ಇಲ್ಲಿ ಒಬ್ರಾದ್ರೂ ಕೇಳೇ ಕೇಳ್ತಾರೆ. ಮಾಡ್ತಿದ್ರು, ಬೆಳಗಿನ ಜಾವಕ್ಕೇ ಎದ್ದು ದಂಡೆ, ಬಸ್ಕಿ, ಗದೆ ತಿರುಗಿಸೋದು, ಕೆಮ್ಮಣ್ಣಿನ ಮಟ್ಟೀಲಿ ಕುಸ್ತಿ. ಆದ್ರೆ ಉಳಿದ ದಿನ ಹೇಗಿರ್ತಿತ್ತು ಅಂತಾನೂ ನೋಡ್ಬೇಕಲ್ಲ. ಎಣ್ಣೆ ಹಾಕಿ ಮೈ ತಿಕ್ಕಿಸ್ಕೊಳ್ಳೋದು, ಹಾಲು, ತುಪ್ಪ, ಬಾದಾಮಿ, ಹೊಟ್ಟೆ ತುಂಬ ಊಟ, ಮಧ್ಯಾಹ್ನ ಒಳ್ಳೇ ನಿದ್ದೆ. ಮೈಸೂರಿನ ಅರಸರ ಆಶ್ರಯ ಇದ್ದ ಕಾಲದ ದೊಡ್ಡ ಪೈಲ್ವಾನರಿಗೆ ಕುಸ್ತಿನೇ ಕೆಲಸ, ವಿಶ್ರಾಂತಿನೂ ಆ ಕೆಲಸದ ಒಂದು ಭಾಗ. ನಾವು ಅವರ ಬೆಳಗಿನ ಸಾಮನ್ನ ಮಾತ್ರ ಕಾಪಿ ಹೊಡೆದು, ಮಧ್ಯಾಹ್ನದ ನಿದ್ದೆ ಜಾಗದಲ್ಲಿ ಔಟರ್ ರಿಂಗ್ ರೋಡ್ ಟ್ರಾಫಿಕ್ಕನ್ನ ಇಟ್ಕೊಂಡಿದ್ದೀವಿ. ಮೈ ಸುಧಾರಿಸ್ಕೊಳ್ಳೋ ತಾಕತ್ತು ಒಂದೇ ಸಂಬಳ ಇದ್ದ ಹಾಗೆ, ಮ್ಯಾಟು, ಜಿಮ್ಮು, ಆಫೀಸ್ ಟೆನ್ಷನ್ನು, ಮನೆಯಲ್ಲಿ ಸಣ್ಣ ಮಗು ಇದ್ರೆ ಅದ್ರ ರಾತ್ರಿ ಅಳು, ಎಲ್ಲದರ ಇಎಂಐ ಅದ್ರಲ್ಲೇ ಕಟ್ ಆಗೋದು.

ಬಸ್ಕಿ ಅಂದಾಗ ಒಂದು ಎಚ್ಚರಿಕೆ. ರೂಢಿ ಇಲ್ದೆ ಒಂದೇ ದಿನ ಐನೂರು ಬಸ್ಕಿ ಚಾಲೆಂಜ್ ಅಂತ ಹೊಡೆಯೋದು, ಅಥವಾ ಆರು ತಿಂಗಳು ಬಿಟ್ಟು ವಾಪಸ್ ಬಂದ ದಿನಾನೇ ಹಳೇ ಲೆಕ್ಕ ಮುಗಿಸೋದು ಅಪಾಯ. ಮಾಂಸಖಂಡ ಒಡೆದು ಅದ್ರ ಒಳಗಿನ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಗೆ ಏಟು ಕೊಡೋ ರ‍್ಯಾಬ್ಡೋಮಯೊಲಿಸಿಸ್ ಅನ್ನೋ ಸ್ಥಿತಿ ಇದೆ. ಕಾಲು ಊದಿ ಮಡಚೋಕೂ ಆಗ್ದೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ ಮನೇಲಿ ಎಳನೀರು ಕುಡ್ಕೊಂಡು ಕೂರ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಸರಿ, ಈಗ ಜಿಮ್ಮಲ್ಲಿ ಮಾಡೋದೇನು. ಮೊದಲು ಏನು ಬೇಡ ಅಂತ ಹೇಳ್ತೀನಿ. ಕೈಯಲ್ಲಿ ಡಂಬೆಲ್ ಹಿಡ್ಕೊಂಡು ಶ್ಯಾಡೋ ಬಾಕ್ಸಿಂಗ್ ಬೇಡ. ಪಂಚ್ ಹೋಗೋದು ಮುಂದಕ್ಕೆ, ಡಂಬೆಲ್ ಭಾರ ಎಳೆಯೋದು ಕೆಳಕ್ಕೆ, ಹಾಗಾಗಿ ಭುಜ ಸುಸ್ತಾಗುತ್ತೇ ಹೊರತು ಪಂಚ್‌ಗೆ ವೇಗ ಬರಲ್ಲ. ಟೈರ್ ಹೊರಳಿಸೋದು, ಹಗ್ಗ ಬಡಿಯೋದು, ಬರ್ಪಿ, ಎಲ್ಲಾ ಸೇರಿಸಿ ಫೈಟರ್ ಸರ್ಕ್ಯೂಟ್ ಅಂತ ಮಾಡಿಸೋದು ವಿಡಿಯೋಗೆ ಚೆನ್ನಾಗಿ ಕಾಣುತ್ತೆ, ಆದ್ರೆ ಅದು ಕೊಡೋದು ಏದುಸಿರು, ಅದು ಮ್ಯಾಟಲ್ಲೇ ಫ್ರೀಯಾಗಿ ಸಿಗ್ತಿದೆ. ಬಾಡಿಬಿಲ್ಡರ್ ಥರ ಒಂದೊಂದು ದಿನ ಒಂದೊಂದು ಭಾಗ ಹಿಡ್ಕೊಂಡು ಕೈ ಎತ್ತೋಕಾಗದೇ ಇರೋವರೆಗೂ ಸೆಟ್ ಮೇಲೆ ಸೆಟ್ ಹೊಡೆಯೋದೂ ಬೇಡ, ಹಾಗೆ ಮಾಡಿದ್ರೆ ವಾರದಲ್ಲಿ ಯಾವ ದಿನ ಕ್ಲಾಸಿಗೆ ಹೋದ್ರೂ ಯಾವ್ದೋ ಒಂದು ಭಾಗ ನೋಯ್ತಾನೇ ಇರುತ್ತೆ.

ಬೇಕಾಗಿರೋದು ವಾರಕ್ಕೆ ಎರಡು ಸಲ, ಇಡೀ ಮೈಗೆ, ಭಾರ ಜಾಸ್ತಿ, ರೆಪ್ಸ್, ಅಂದ್ರೆ ಎಷ್ಟು ಸಲ ಎತ್ತೋದು ಅನ್ನೋದು, ಕಮ್ಮಿ. ಒಂದು ದಿನದ್ದು ಪೂರ್ತಿ ಬಿಡಿಸಿ ಹೇಳ್ತೀನಿ. ಒಬ್ಬರ ಡೆಡ್‌ಲಿಫ್ಟ್ (ಬಾರನ್ನ ನೆಲದಿಂದ ಎತ್ತಿ ನೆಟ್ಟಗೆ ನಿಲ್ಲೋದು) ಮ್ಯಾಕ್ಸ್, ಅಂದ್ರೆ ಒಂದೇ ಸಲ ಎತ್ತಬಹುದಾದ ಅತಿ ಹೆಚ್ಚು ಭಾರ, 120 ಕೆಜಿ ಅಂದ್ಕೊಳ್ಳಿ. ವಾರ್ಮಪ್ ಆದ್ಮೇಲೆ ಅದ್ರ ಶೇಕಡಾ 80ರ ಹತ್ತಿರ, ಅಂದ್ರೆ 95 ಕೆಜಿ ಹಾಕಿ ಮೂರು ಮೂರು ರೆಪ್ಸಿನ ನಾಲ್ಕು ಸೆಟ್, ನಡುವೆ ಮೂರು ನಿಮಿಷ ಸುಮ್ನೆ ಕೂರೋದು. ಒಟ್ಟು ಹನ್ನೆರಡೇ ರೆಪ್ಸು. ಇಷ್ಟೇನಾ ಅನ್ಸುತ್ತೆ, ಆದ್ರೆ ಸೋವಿಯತ್ ಕಾಲದ ವೇಟ್‌ಲಿಫ್ಟಿಂಗ್ ಕೋಚ್‌ಗಳು ಬಳಸ್ತಿದ್ದ ಪ್ರಿಲೆಪಿನ್ ಟೇಬಲ್ಲಲ್ಲೂ ಆ ಭಾರಕ್ಕೆ ಒಂದು ಸೆಷನ್ನಲ್ಲಿ ಹತ್ತರಿಂದ ಇಪ್ಪತ್ತು ರೆಪ್ಸ್ ಅಂತಾನೇ ಇರೋದು. ಪ್ರತಿ ಸೆಟ್ ಮುಗಿದಾಗಲೂ ಇನ್ನೂ ಎರಡು ಎತ್ತಬಹುದಿತ್ತು ಅನ್ಸಬೇಕು, ಅಲ್ಲಿಗೆ ನಿಲ್ಲಿಸಿ. ಆಮೇಲೆ ಓವರ್‌ಹೆಡ್ ಪ್ರೆಸ್ ಐದೈದರ ಮೂರು ಸೆಟ್, ಭುಜ ಹಿಡ್ಕೊಂಡಿದ್ರೆ ಅದ್ರ ಬದಲು ಬಾರಿನ ಒಂದು ತುದಿ ನೆಲಕ್ಕಿಟ್ಟು ಓರೆಯಾಗಿ ತಳ್ಳೋ ಲ್ಯಾಂಡ್‌ಮೈನ್ ಪ್ರೆಸ್. ಆಮೇಲೆ ಒಂಟಿ ಕಾಲಿಂದು ಏನಾದ್ರೂ, ಹಿಂದಿನ ಕಾಲನ್ನ ಬೆಂಚ್ ಮೇಲಿಟ್ಟು ಮಾಡೋ ಸ್ಪ್ಲಿಟ್ ಸ್ಕ್ವಾಟ್, ಎರಡು ಸೆಟ್ ಸಾಕು. ಕೊನೇಗೆ ನಾರ್ಡಿಕ್ ಕರ್ಲ್, ಮಂಡಿ ಊರಿ ಕೂತು ಹಿಮ್ಮಡಿಯನ್ನ ಯಾರಾದ್ರೂ ಹಿಡ್ಕೊಂಡಿರಬೇಕು, ನೀವು ಮುಂದಕ್ಕೆ ಆದಷ್ಟು ನಿಧಾನವಾಗಿ ಬೀಳಬೇಕು. ಫುಟ್ಬಾಲ್ ಆಟಗಾರರಲ್ಲಿ ಇದನ್ನ ಮಾಡಿಸಿದ್ಮೇಲೆ ಹ್ಯಾಮ್‌ಸ್ಟ್ರಿಂಗ್, ಅಂದ್ರೆ ತೊಡೆ ಹಿಂಭಾಗದ ಗಾಯ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ. ಮೊದಲ ದಿನ ಮೂರ್ನಾಲ್ಕಕ್ಕಿಂತ ಜಾಸ್ತಿ ಮಾಡಿದ್ರೆ ಮಾರನೇ ದಿನ ಮೆಟ್ಟಿಲು ಇಳಿಯೋವಾಗ ನನ್ನ ಬೈಕೊಳ್ತೀರ. ಎಲ್ಲಾ ಸೇರಿ ಮುಕ್ಕಾಲು ಗಂಟೆ. ಇನ್ನೊಂದು ದಿನ ಇದೇ ಲೆಕ್ಕದಲ್ಲಿ ಸ್ಕ್ವಾಟ್, ಬೆಂಚ್ ಅಥವಾ ಪುಶ್‌ಅಪ್, ಸ್ವಲ್ಪ ರೋಯಿಂಗ್, ತೊಡೆ ಒಳಭಾಗಕ್ಕೆ ಕೋಪನ್‌ಹೇಗನ್ ಪ್ಲ್ಯಾಂಕ್, ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನ ಬೆಂಚ್ ಮೇಲಿಟ್ಟು ಸೊಂಟ ಎತ್ತಿ ಹಿಡಿಯೋದು. ಗಾರ್ಡ್ ಆಡೋರಿಗೆ, ಅಂದ್ರೆ ಕೆಳಗೆ ಮಲಗಿ ಕಾಲಿಂದ ಎದುರಾಳಿಯನ್ನ ತಡೆಯೋರಿಗೆ, ತೊಡೆಸಂದು ಹಿಡ್ಕೊಳ್ಳೋದು ಮಾಮೂಲಿ, ಅದಕ್ಕೆ ಈ ಪ್ಲ್ಯಾಂಕನ್ನ ಬಿಡ್ಬೇಡಿ. ಕತ್ತಿಗೆ ಅಂಗೈಯನ್ನ ಹಣೆಗೆ, ಪಕ್ಕಕ್ಕೆ, ತಲೆ ಹಿಂದಕ್ಕೆ ಒತ್ತಿ ಹಿಡಿದು ತಳ್ಳಾಡೋದು ಎರಡು ನಿಮಿಷದ ಕೆಲಸ, ಅದನ್ನ ಮನೇಲೂ ಮಾಡ್ಬಹುದು.

ಡೆಡ್‌ಲಿಫ್ಟ್ ಮಾಡೋವಾಗ ಸ್ಟ್ರಾಪ್ಸ್, ಅಂದ್ರೆ ಮಣಿಕಟ್ಟನ್ನ ಬಾರಿಗೆ ಬಿಗಿಯೋ ಪಟ್ಟಿ, ಹಾಕ್ಕೊಳ್ಳಿ, ಜಿಮ್ಮಲ್ಲಿ ಯಾರೋ ನಗ್ತಾರೆ ಅಂತ ಯೋಚ್ನೆ ಮಾಡ್ಬೇಡಿ. ಹಿಡಿತದ ಕೆಲಸ ಮ್ಯಾಟಲ್ಲಿ ಬೇಕಾದಷ್ಟು ಆಗಿದೆ, ಬೆರಳಿನ ಕೀಲುಗಳನ್ನ ಎರಡು ಕಡೆ ದುಡಿಸೋದು ಬೇಡ.

ರೆಪ್ಸ್ ಕಮ್ಮಿ ಇಟ್ಕೊಳ್ಳೋದಕ್ಕೆ ಇನ್ನೊಂದು ಕಾರಣ ಮೈಕೈ ನೋವು. ವರ್ಕೌಟ್ ಮಾಡಿದ ದಿನ ಏನೂ ಅನ್ಸಲ್ಲ, ಒಂದು ದಿನ ಕಳೆದು ಮೂರನೇ ದಿನದೊಳಗೆ ನೋವು ತುತ್ತತುದಿಗೆ ಹೋಗುತ್ತೆ, ಹೊಸ ವ್ಯಾಯಾಮ ಆದ್ರೆ ಇನ್ನೂ ಜಾಸ್ತಿ, ಅದೇ ವ್ಯಾಯಾಮ ಎರಡು ಮೂರು ವಾರ ಬಿಡದೆ ಮಾಡಿದ್ರೆ ಮೈ ಒಗ್ಗಿ ನೋವು ತಾನಾಗೇ ಕಮ್ಮಿ ಆಗುತ್ತೆ. ಇದ್ರಿಂದ ಎರಡು ಪಾಠ, ಒಂದು ವಾರ ವಾರಕ್ಕೂ ವ್ಯಾಯಾಮ ಬದಲಾಯಿಸ್ಬೇಡಿ, ಇನ್ನೊಂದು ಜೋರು ಸ್ಪಾರಿಂಗ್ ಇರೋ ದಿನದ ಹಿಂದಿನ ದಿನ ಕಾಲಿಗೆ ಭಾರ ಹಾಕ್ಬೇಡಿ.

ವಾರ ಹೇಗೆ ಜೋಡಿಸೋದು ಅಂತ ಬಂದಾಗ ಹೆಚ್ಚಿನವರು ಒಂದು ದಿನ ಮ್ಯಾಟು ಒಂದು ದಿನ ಜಿಮ್ಮು ಅಂತ ಹಂಚ್ತಾರೆ, ಕೇಳೋಕೆ ನ್ಯಾಯವಾಗಿದೆ, ಆದ್ರೆ ಹಾಗೆ ಮಾಡಿದ್ರೆ ವಾರದಲ್ಲಿ ಪೂರ್ತಿ ಖಾಲಿ ದಿನಾನೇ ಸಿಗಲ್ಲ, ಎಲ್ಲಾ ದಿನಾನೂ ಅರ್ಧಂಬರ್ಧ ಸುಸ್ತು. ಕಷ್ಟದ ದಿನಾನ ಪೂರ್ತಿ ಕಷ್ಟ ಮಾಡಿ, ಸುಲಭದ ದಿನಾನ ನಿಜವಾಗ್ಲೂ ಸುಲಭ ಇಡೋದು ಜಾಣತನ. ಕ್ಲಾಸ್ ಸೋಮವಾರ ಬುಧವಾರ ಸಂಜೆ, ಶನಿವಾರ ಬೆಳಿಗ್ಗೆ ಓಪನ್ ಮ್ಯಾಟ್, ಅಂದ್ರೆ ಪಾಠ ಇಲ್ದೆ ಬರೀ ರೋಲಿಂಗ್, ಅಂತ ಇಟ್ಕೊಳ್ಳಿ. ಸೋಮವಾರ ಬೆಳಿಗ್ಗೆ ಆಫೀಸಿಗೆ ಮುಂಚೆ ಜಿಮ್, ಭಾರದ ದಿನ, ಸಂಜೆ ಕ್ಲಾಸಲ್ಲಿ ಟೆಕ್ನಿಕ್ ಮಾಡಿ, ರೋಲಿಂಗ್ ಒಂದೆರಡು ಹಗುರ ರೌಂಡ್ ಸಾಕು. ಎರಡರ ನಡುವೆ ಆರು ಗಂಟೆಗಿಂತ ಜಾಸ್ತಿ ಅಂತರ ಇದ್ರೆ ಒಂದಕ್ಕೊಂದು ಅಡ್ಡ ಬರೋದು ಕಮ್ಮಿ. ಮಂಗಳವಾರ ವಾಕಿಂಗು, ಸ್ವಲ್ಪ ಮೈ ಸಡಿಲಿಸೋದು. ಬುಧವಾರ ಜೋರು ರೋಲಿಂಗ್. ಗುರುವಾರ ಎರಡನೇ ಜಿಮ್ ದಿನ, ಕಾಲಿನ ಸೆಟ್ಸ್ ಕಮ್ಮಿ ಇಟ್ಕೊಂಡು. ಶುಕ್ರವಾರ ಏನೂ ಬೇಡ. ಶನಿವಾರ ಓಪನ್ ಮ್ಯಾಟ್, ಭಾನುವಾರ ಮನೆಯವರ ಜೊತೆ ಇರಿ, ಅವರೂ ನಿಮ್ಮನ್ನ ನೋಡ್ಬೇಕಲ್ಲ. ಒಂದೇ ಹೊತ್ತಿಗೆ ಎರಡೂ ಮಾಡಲೇಬೇಕು ಅನ್ನೋ ಪರಿಸ್ಥಿತಿ ಇದ್ರೆ ಮ್ಯಾಟ್ ಮೊದಲು, ವೇಟ್ಸ್ ಆಮೇಲೆ. ಸುಸ್ತಾದ ಮೈಯಲ್ಲಿ ಪಟ್ಟು ಕಲಿಯೋಕಾಗಲ್ಲ, ಗಾಯದ ಅಪಾಯಾನೂ ಜಾಸ್ತಿ.

ಎಷ್ಟು ಆಯ್ತು ಅಂತ ಅಳೆಯೋಕೆ ವಾಚು ಬ್ಯಾಂಡು ಏನೂ ಬೇಡ. ಕಾರ್ಲ್ ಫಾಸ್ಟರ್ ಅನ್ನೋ ಅಮೆರಿಕದ ಕ್ರೀಡಾ ವಿಜ್ಞಾನಿ ಚಾಲ್ತಿಗೆ ತಂದ ಸರಳ ವಿಧಾನ ಇದೆ. ಸೆಷನ್ ಮುಗಿದು ಅರ್ಧ ಗಂಟೆ ಆದ್ಮೇಲೆ ಎಷ್ಟು ಕಷ್ಟ ಇತ್ತು ಅಂತ ಸೊನ್ನೆಯಿಂದ ಹತ್ತರ ಒಳಗೆ ಒಂದು ಮಾರ್ಕ್ ಕೊಡಿ, ಅದನ್ನ ನಿಮಿಷದಿಂದ ಗುಣಿಸಿ, ಆಯ್ತು. ಸೋಮವಾರದ ಕ್ಲಾಸ್ 90 ನಿಮಿಷ, ಕಷ್ಟ 6, ಅಲ್ಲಿಗೆ 540. ಬುಧವಾರ 90 ನಿಮಿಷ, 8, ಅಂದ್ರೆ 720. ಶನಿವಾರ ಎರಡು ಗಂಟೆ, 7, ಅದು 840. ಜಿಮ್ ಎರಡು ದಿನ, 50 ನಿಮಿಷದ ಹಾಗೆ, 6 ಅಂತ ಹಾಕಿದ್ರೆ 600. ವಾರಕ್ಕೆ ಒಟ್ಟು 2700. ಈಗ ಮುಂದಿನ ವಾರ ಹುಮ್ಮಸ್ಸು ಬಂದು ಶುಕ್ರವಾರ ಒಂದು ಕ್ಲಾಸ್, ಭಾನುವಾರ ಒಂದು ಜಿಮ್ ಸೇರಿಸಿದ್ರಿ ಅಂದ್ಕೊಳ್ಳಿ, 3540 ಆಯ್ತು, ಒಂದೇ ವಾರಕ್ಕೆ ಶೇಕಡಾ 31 ಜಿಗಿತ. ಎರಡೇ ಎರಡು ಸೆಷನ್ ಅಲ್ವಾ ಅಂತ ಅನ್ಸಿದ್ದು ಕಾಗದದ ಮೇಲೆ ಹೇಗೆ ಕಾಣುತ್ತೆ ನೋಡಿ. 2700 ಒಳ್ಳೇದು 3500 ಕೆಟ್ಟದ್ದು ಅಂತ ಯಾವ ನಿಯಮಾನೂ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು, ಗಮನಿಸ್ಬೇಕಾದ್ದು ಆ ಜಿಗಿತಾನ. ಫೋನಿನ ನೋಟ್ಸಲ್ಲಿ ಬರೆದಿಟ್ಕೊಂಡ್ರೆ ಮುಂದೆ ಯಾವತ್ತೋ ಮೊಣಕೈ ನೋವು ಶುರು ಆದಾಗ ಹಿಂದಿನ ಎರಡು ವಾರ ತಿರುಗಿ ನೋಡೋಕೆ ಆಗುತ್ತೆ. ಇದ್ರ ಜೊತೆ ನಾಲ್ಕೈದು ವಾರಕ್ಕೊಂದ್ಸಲ ಜಿಮ್ಮಲ್ಲಿ ಭಾರ ಅಷ್ಟೇ ಇಟ್ಟು ಸೆಟ್ಸ್ ಅರ್ಧ ಮಾಡಿ, ರೋಲಿಂಗ್ ಹಗುರ ಮಾಡಿ ಒಂದು ವಾರ ಕಳೀರಿ.

ಇನ್ನು ನಿದ್ದೆ. ರಿಕವರಿ ಅಂತ ಮಾರೋ ವಸ್ತುಗಳನ್ನೆಲ್ಲ ಒಂದು ಕಡೆ ಇಟ್ಟು ನಿದ್ದೆಯನ್ನ ಇನ್ನೊಂದು ಕಡೆ ಇಟ್ರೆ ನಿದ್ದೆನೇ ಗೆಲ್ಲೋದು. 2011ರಲ್ಲಿ ಸ್ಟ್ಯಾನ್‌ಫರ್ಡ್ ಯುನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ಹುಡುಗರಿಗೆ ಕೆಲವು ವಾರ ರಾತ್ರಿ ಹತ್ತು ಗಂಟೆ ಹಾಸಿಗೇಲಿ ಇರಿ ಅಂತ ಹೇಳಿ ನೋಡಿದಾಗ ಅವರ ಓಟದ ವೇಗ, ಗುರಿ ಎರಡೂ ಸುಧಾರಿಸ್ತು, ಟ್ರೈನಿಂಗ್ ಏನೂ ಜಾಸ್ತಿ ಮಾಡ್ದೇನೇ. ನಮಗೆ ಹತ್ತು ಗಂಟೆ ಕನಸಿನ ಮಾತು, ಏಳು ಏಳೂವರೆ ಗಂಟೆ ಸಿಕ್ಕಿದ್ರೂ ದೊಡ್ಡದು. ಸಮಸ್ಯೆ ಇರೋದು ಸಂಜೆ ಕ್ಲಾಸಲ್ಲಿ. ಏಳು ಗಂಟೆಗೆ ಶುರುವಾಗಿ ಎಂಟೂವರೆಗೆ ಮುಗಿಯುತ್ತೆ, ಮನೆ ಸೇರೋದು ಒಂಬತ್ತೂವರೆ, ಊಟ ಹತ್ತು, ಮೈ ಇನ್ನೂ ಕುದೀತಾ ಇರುತ್ತೆ, ಫೋನ್ ಹಿಡ್ಕೊಂಡು ಮಲಗಿ ಇವತ್ತು ತಗ್ಲಾಕ್ಕೊಂಡ ಚೋಕ್ ಯಾವ್ದು ಅಂತ ವಿಡಿಯೋ ನೋಡ್ತಾ ಒಂದು ಗಂಟೆ ಆಗೋಗುತ್ತೆ. ಇದ್ರ ಮೇಲೆ ಕ್ಲಾಸಿಗೆ ಮುಂಚೆ ಪ್ರೀ ವರ್ಕೌಟ್ ಅನ್ನೋ ಕೆಫೀನ್ ಇರೋ ಪುಡಿ ಅಥವಾ ಸ್ಟ್ರಾಂಗ್ ಕಾಫಿ ಕುಡಿದಿದ್ರೆ ಕೇಳೋದೇ ಬೇಡ, ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು, ಏಳಕ್ಕೆ ಕುಡಿದ್ರೆ ಮಧ್ಯರಾತ್ರಿಗೂ ಅರ್ಧ ರಕ್ತದಲ್ಲೇ ಇರುತ್ತೆ. ಸಂಜೆ ಕ್ಲಾಸಿನವರು ಕಾಫಿಯನ್ನ ಮಧ್ಯಾಹ್ನಕ್ಕೇ ಮುಗಿಸಿ. ಐದೂವರೆ ಹೊತ್ತಿಗೆ ಅವಲಕ್ಕಿ, ಬಾಳೆಹಣ್ಣು ಏನಾದ್ರೂ ತಿಂದ್ಕೊಂಡು ಹೋದ್ರೆ ರಾತ್ರಿ ಬಂದು ಹೊಟ್ಟೆ ಬಿರಿಯೋ ಹಾಗೆ ತಿನ್ನೋದು ತಪ್ಪುತ್ತೆ.

ಊಟದ ವಿಷ್ಯ. ಅಕ್ಕಿ, ರಾಗಿ ಬಿಟ್ಬಿಡಿ ಅನ್ನೋ ಸಲಹೆಗಳನ್ನ ಗಾಳಿಗೆ ತೂರಿ, ಏದುಸಿರು ಬಿಡೋ ಕೆಲಸಕ್ಕೆ ಕಾರ್ಬೋಹೈಡ್ರೇಟ್ ಬೇಕು, ಕಮ್ಮಿ ಆದ್ರೆ ಮೂರನೇ ರೌಂಡಲ್ಲಿ ಗೊತ್ತಾಗುತ್ತೆ. ಪ್ರೋಟೀನ್ ಮಾತ್ರ ನಮ್ಮ ತಟ್ಟೇಲಿ ನಿಜವಾಗ್ಲೂ ಕಮ್ಮಿ. ದೇಹದ ತೂಕದ ಪ್ರತಿ ಕೆಜಿಗೆ ಸುಮಾರು 1.6 ಗ್ರಾಂ ಅಂದ್ರೆ 70 ಕೆಜಿಯವರಿಗೆ 112 ಗ್ರಾಂ. ಮೊಟ್ಟೆ ಮಾಂಸ ತಿನ್ನೋರಿಗೆ ಕಷ್ಟ ಇಲ್ಲ, ಒಂದು ಮೊಟ್ಟೇಲಿ 6 ಗ್ರಾಂ, ಬೇಯಿಸಿದ 100 ಗ್ರಾಂ ಚಿಕನ್ ಬ್ರೆಸ್ಟಲ್ಲಿ 30ರ ಹತ್ತಿರ. ಪೂರ್ತಿ ಸಸ್ಯಾಹಾರಿಗಳ ಲೆಕ್ಕ ಮಾಡೋಣ: ಅರ್ಧ ಲೀಟರ್ ಹಾಲು 16, ಒಣ ಸೋಯಾ ಚಂಕ್ಸ್ 50 ಗ್ರಾಂಗೆ 26, ಪನೀರ್ 100 ಗ್ರಾಂಗೆ 18, ಬೇಳೆ ಕಾಳು ಬೇಯಿಸೋಕೆ ಮುಂಚೆ 100 ಗ್ರಾಂಗೆ 23ರ ಹಾಗೆ, ಒಂದು ಹಿಡಿ ಕಡಲೆಕಾಯಿ ಬೀಜ 7, ಒಂದು ಬಟ್ಟಲು ಮೊಸರು 6, 100 ಗ್ರಾಂ ರಾಗಿ ಹಿಟ್ಟಿನ ಮುದ್ದೆ 7, ದಿನದ ಅನ್ನದಲ್ಲಿ 10. ಕೂಡಿದ್ರೆ 113. ಬರುತ್ತೆ, ಆದ್ರೆ ತಿಳಿಸಾರು ಅನ್ನ ತಿಂದ್ಕೊಂಡು ಬರಲ್ಲ, ಸಾರಿನ ಮೇಲಿನ ತಿಳಿ ಬಿಟ್ಟು ತಳದ ಬೇಳೆಗೆ ಸೌಟು ಹಾಕ್ಬೇಕು. ಇಷ್ಟು ಮಾಡೋಕೆ ಆಗದ ದಿನ ಒಂದು ಸ್ಕೂಪ್ ವೇ ಪ್ರೋಟೀನ್ ಪೌಡರ್ ಹಾಕ್ಕೊಳ್ಳಿ, ಯಾವ ಬ್ರ್ಯಾಂಡಾದ್ರೂ ನಕಲಿ ಅಲ್ಲದೇ ಇದ್ರೆ ಸಾಕು. ಶಕ್ತಿಗೆ ತಗೊಳ್ಳೋ ಕ್ರಿಯಾಟಿನ್ ಅನ್ನೋ ಪುಡಿ ದಿನಕ್ಕೆ 3ರಿಂದ 5 ಗ್ರಾಂ, ಕಿಡ್ನಿ ತೊಂದರೆ ಇಲ್ದೇ ಇರೋರಿಗೆ, ಚೆನ್ನಾಗೇ ಕೆಲಸ ಮಾಡುತ್ತೆ. ಒಂದೆರಡು ಕೆಜಿ ನೀರಿನ ತೂಕ ಏರಬಹುದು, ಕಾಂಪಿಟಿಷನ್ ತೂಕದ ಅಂಚಲ್ಲಿ ಇರೋರು ಗಮನಿಸ್ಕೊಳ್ಳಿ.

ಐಸ್ ಬಾತ್ ಈಗ ಫ್ಯಾಷನ್. ಡ್ರಮ್ಮಿಗೆ ಐಸ್ ಸುರಿದು ಕೂತು ರೀಲ್ಸ್ ಮಾಡ್ತಾರೆ. 2015ರಲ್ಲಿ ಬಂದ ಒಂದು ಅಧ್ಯಯನದಲ್ಲಿ ವೇಟ್ಸ್ ಆದ ತಕ್ಷಣ 10 ಡಿಗ್ರಿ ನೀರಲ್ಲಿ ಹತ್ತು ನಿಮಿಷ ಕೂತವರಿಗೆ 12 ವಾರದ ಕೊನೇಲಿ ಮಾಂಸಖಂಡ, ಶಕ್ತಿ ಎರಡೂ ಕಮ್ಮಿ ಬೆಳೆದಿತ್ತು, ಹಗುರವಾಗಿ ಸೈಕಲ್ ತುಳಿದವರಿಗೆ ಹೋಲಿಸಿದ್ರೆ. ಟೂರ್ನಮೆಂಟ್ ದಿನ ಎರಡು ಫೈಟ್ ನಡುವೆ ಆದ್ರೆ ಸರಿ, ಜಿಮ್ ಮುಗಿಸಿ ಬೇಡ. ಎಣ್ಣೆ ಮಸಾಜ್ ಹಿತ ಕೊಡುತ್ತೆ, ಯಾರು ಬೇಡ ಅಂದ್ರು. ಕ್ಲಾಸಿಗೆ ಮುಂಚೆ ನೋವಿನ ಮಾತ್ರೆ ನುಂಗಿ ಹೋಗೋ ಅಭ್ಯಾಸ ಮಾತ್ರ ಖಂಡಿತ ಬೇಡ.

ಮೈ ಕೈಕೊಡ್ತಿದೆ ಅಂತ ಮೊದಲೇ ಗೊತ್ತಾಗೋಕೆ ಕೆಲವು ಗುರುತು ಇವೆ. ಬೆಳಿಗ್ಗೆ ಎದ್ದ ತಕ್ಷಣ ನಾಡಿ ಎಣಿಸಿ, ಮಾಮೂಲಿಗಿಂತ ಏಳೆಂಟು ಜಾಸ್ತಿ ಮೂರ್ನಾಲ್ಕು ದಿನ ಹಾಗೇ ಇದೆ, ಜೊತೆಗೆ ಹಸಿವಿಲ್ಲ, ಸಣ್ಣ ಸಣ್ಣದಕ್ಕೂ ಸಿಡುಕು, ಕ್ಲಾಸ್ ಬ್ಯಾಗ್ ನೋಡಿದ್ರೇ ಬೇಜಾರು ಅಂದ್ರೆ ಎರಡು ದಿನ ಸುಮ್ನೆ ಮನೇಲಿರಿ. ಹೆಣ್ಮಕ್ಕಳಲ್ಲಿ ಪಿರಿಯಡ್ಸ್ ತಪ್ಪೋದು ಅಥವಾ ನಿಂತೋಗೋದು ಟ್ರೈನಿಂಗಿಗೆ ತಕ್ಕಷ್ಟು ತಿಂತಿಲ್ಲ ಅನ್ನೋದಕ್ಕೆ ಗುರುತಾಗಿರಬಹುದು, ಮುಂದೆ ಮೂಳೆಗೂ ಏಟು, ಫಿಟ್ ಆಗಿದ್ರೆ ಹಾಗೇ ಅಂತ ಯಾವ ಕೋಚ್ ಹೇಳಿದ್ರೂ ಕೇಳ್ಬೇಡಿ, ಡಾಕ್ಟರ್ ಹತ್ರ ಹೋಗಿ.

ಪಂಚ್ ಕಿಕ್ ಆಟದವರಿಗೆ ಬೇರೆ ಒಂದು ಮಾತು. ನಿಮ್ಮಲ್ಲಿ ಮಾಂಸಖಂಡದಷ್ಟು ಸಲೀಸಾಗಿ ಸುಧಾರಿಸ್ಕೊಳ್ಳದೇ ಇರೋ ಒಂದು ಅಂಗ ಇದೆ, ತಲೆ. ಸ್ಪಾರಿಂಗಲ್ಲಿ ಏಟು ಬಿದ್ದ ಮೇಲೆ ತಲೆನೋವು, ವಾಕರಿಕೆ, ಬೆಳಕು ಚುಚ್ಚೋದು, ಮಂಕಾಗೋದು ಇದ್ರೆ ಅವತ್ತಿಗೆ ಅಲ್ಲೇ ಸ್ಟಾಪ್, ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಹಂತ ಹಂತವಾಗಿ, ಡಾಕ್ಟರ್ ಹೇಳದೆ ಮತ್ತೆ ಸ್ಪಾರಿಂಗ್ ಇಲ್ಲ. ಗಂಡಸ್ತನದ ಮಾತು ಇಲ್ಲಿ ಬೇಡ.

ಗ್ರಾಪ್ಲಿಂಗಿನವರಿಗೆ, ಅಂದ್ರೆ ಹಿಡಿದು ಸೆಣಸೋ ಆಟದವರಿಗೆ, ಚರ್ಮದ ಕಾಟ. ಹುಳುಕಡ್ಡಿ ಬಂದ್ರೆ ಎರಡು ವಾರದ ಪ್ಲಾನೆಲ್ಲ ಹೋಯ್ತು. ಮೆಡಿಕಲ್ ಸ್ಟೋರಲ್ಲಿ ಕೇಳಿದ ತಕ್ಷಣ ಕೊಡೋ ಮಿಕ್ಸ್ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತೆ, ತುರಿಕೆ ಎರಡು ದಿನಕ್ಕೆ ನಿಲ್ಲುತ್ತೆ, ಫಂಗಸ್ ಒಳಗೊಳಗೇ ಹರಡುತ್ತೆ. ಚರ್ಮದ ಡಾಕ್ಟರಿಗೆ ತೋರಿಸಿ, ಕ್ಲಾಸ್ ಮುಗಿದ ಕೂಡ್ಲೇ ಸ್ನಾನ ಮಾಡಿ, ಗೀ ಒಂದ್ಸಲ ಹಾಕಿದ್ಮೇಲೆ ಒಗೀದೆ ಮತ್ತೆ ಹಾಕ್ಬೇಡಿ.

ಕಾಂಪಿಟಿಷನ್ ಇದ್ರೆ ಕೊನೇ ವಾರ ಟ್ರೈನಿಂಗ್ ಅರ್ಧಕ್ಕೆ ಇಳಿಸಿ, ವೇಗ ಇಳಿಸ್ಬೇಡಿ, ಜಿಮ್ಮಲ್ಲಿ ಒಂದ್ಸಲ ಭಾರ ಮುಟ್ಟಿ ಬಂದ್ರೆ ಸಾಕು. ತೂಕ ಇಳಿಸೋ ಹುಚ್ಚಾಟ ಬೇಡ. 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ವಿನೇಶ್ ಫೋಗಟ್ 50 ಕೆಜಿ ವಿಭಾಗದ ಫೈನಲ್ ದಿನ ಬರೀ 100 ಗ್ರಾಂ ಜಾಸ್ತಿ ಬಂದು ಅನರ್ಹ ಆಗಿದ್ದು ಎಲ್ಲರಿಗೂ ನೆನಪಿದೆ, ಅಷ್ಟು ದೊಡ್ಡ ತಂಡ ರಾತ್ರಿಯಿಡೀ ಜೊತೆಗಿದ್ದೂ ಹಾಗಾಯ್ತು. ಜುಜಿತ್ಸುವಿನ ಅಂತರರಾಷ್ಟ್ರೀಯ ಸಂಸ್ಥೆ ಐಬಿಜೆಜೆಎಫ್ ನಡೆಸೋ ಟೂರ್ನಮೆಂಟುಗಳಲ್ಲಂತೂ ಗೀ ಹಾಕ್ಕೊಂಡೇ, ಮೊದಲ ಫೈಟಿಗೆ ಸ್ವಲ್ಪ ಮುಂಚೆ ತೂಕ ನೋಡ್ತಾರೆ, ನೀರು ಬಿಟ್ಟು ಒಣಗಿ ಬಂದವರಿಗೆ ಮತ್ತೆ ಕುಡಿದು ಸುಧಾರಿಸ್ಕೊಳ್ಳೋಕೆ ಟೈಮೇ ಇರಲ್ಲ. ಮೊದಲ ಒಂದೆರಡು ಟೂರ್ನಮೆಂಟು ಇದ್ದ ತೂಕದಲ್ಲೇ ಆಡಿ.

ವಾರಕ್ಕೆ ಐದು ದಿನ ನನ್ನ ಕೈಲಾಗಲ್ಲ, ಮೂರೇ ದಿನ ಇರೋದು ಅನ್ನೋರಿಗೆ: ಎರಡು ದಿನ ಮ್ಯಾಟ್, ಒಂದು ದಿನ ಜಿಮ್, ಆ ಒಂದು ದಿನ ಡೆಡ್‌ಲಿಫ್ಟ್, ಪ್ರೆಸ್, ನಾರ್ಡಿಕ್ ಮೂರೇ ಮಾಡಿ. ನಲವತ್ತು ದಾಟಿದವರಿಗೂ ಇದೇ ಒಳ್ಳೇ ಶುರುವಾತು. ಪ್ರಾಜೆಕ್ಟ್ ರಿಲೀಸು, ಮನೇಲಿ ಮದುವೆ ಅಂತ ಬಂದು ಅದೂ ಆಗ್ದೇ ಹೋದ್ರೆ ಹತ್ತು ದಿನ ಬಿಟ್ರೂ ಏನೂ ಕೊಚ್ಕೊಂಡು ಹೋಗಲ್ಲ. ಕಟ್ಟಿಕೊಂಡ ಶಕ್ತಿಯನ್ನ ಉಳಿಸ್ಕೊಳ್ಳೋಕೆ ವಾರಕ್ಕೊಂದು ಸಣ್ಣ ಸೆಷನ್ ಸಾಕಾಗುತ್ತೆ, ತಿಂಗಳುಗಟ್ಟಲೆ ಸಾಕಾಗುತ್ತೆ, ಸೆಟ್ಸ್ ಎಷ್ಟು ಬೇಕಾದ್ರೂ ಕಡಿಮೆ ಮಾಡ್ಕೊಳ್ಳಿ, ಬಾರ್ ಮೇಲಿನ ತೂಕ ಮಾತ್ರ ಇಳಿಸ್ಬೇಡಿ.